‘ಒಟ್ಟು’ ಹೋಗಿ ‘ಒಟು’ ಆದಾಗ

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ನಮ್ಮದು ನಾಲ್ಕು ಜನರ ಆಫೀಸು. ದಲಾಲಿ ಅಂಗಡಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ಬ್ಯಾಡಗಿಯ ಒಂದು ಮೆಣಸಿನಕಾಯಿ ಅಂಗಡಿಗೆ ನಾನು ಪೈಥಾನ್ ಭಾಷೆಯ ಟಿಕಿಂಟರ್‌ನಲ್ಲಿ (ಬಟನ್ನು, ಪಟ್ಟಿ ಇರುವ ಪರದೆ ಕಟ್ಟುವ ಸಲಕರಣೆ; ಅದರ ಒಳಗಿನ ಎಂಜಿನ್ ಹೆಸರು ಟಿಕೆ) ಬಿಲ್ಲಿಂಗ್ ಪ್ರೋಗ್ರಾಂ ಬರೆದಿದ್ದೆ. ಹಾಕಿಕೊಟ್ಟು ಬಂದ ವಾರಕ್ಕೇ ಫೋನ್ ಬಂತು. ಆ ಕಡೆ ಗುಮಾಸ್ತ ಕಾಕಾ.

‘ತಮ್ಮಾ, ಇದರಾಗ ಒತ್ತಕ್ಷರ ಎಲ್ಲಿ ಹೋದ್ವೋ? ಒಟ್ಟು ಅಂತ ಇರಬೇಕಾದಲ್ಲಿ ಒಟು ಅಂತ ಐತಿ. ಉಳಿಸು ಅನ್ನೋ ಬಟನ್ನೂ ಕಾಣವಲ್ದು.’

ನನ್ನ ಲ್ಯಾಪ್‌ಟಾಪಿನಲ್ಲಿ ಎಲ್ಲ ಸರಿಯಾಗೇ ಇತ್ತು. ಫಾಂಟಿನ ತೊಂದರೆ ಇರಬೇಕು ಕಾಕಾ ಅಂತ ಜಾರಿಕೊಂಡೆ. ಮರುದಿನ ಮತ್ತೆ ಫೋನ್. ಹೋಗಲೇಬೇಕಾಯ್ತು.

ಗುರುವಾರ, ಮಾರ್ಕೆಟ್ ದಿನ. ಮೋಟೆಬೆನ್ನೂರಿನಲ್ಲಿ ಹೈವೇ ಬಿಟ್ಟು ಒಳಗೆ ತಿರುಗಿ ಊರು ಸೇರುತ್ತಿದ್ದ ಹಾಗೆ ಮೆಣಸಿನಕಾಯಿ ಘಾಟು ಮೂಗಿಗೆ ಹತ್ತಿತು. ಸೀನುತ್ತಲೇ ಅಂಗಡಿ ಒಳಗೆ ಹೋದೆ. ಕಂಪ್ಯೂಟರ್ ನೋಡಿದ ತಕ್ಷಣ ಅರ್ಧ ಅರ್ಥವಾಯಿತು. ನನ್ನದು 1920×1080ರ ಪರದೆ. ಅವರದು 1366×768. ಮೇಲಿಂದ, ಕಾಕಾಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ ಅಂತ ಯಾರೋ ವಿಂಡೋಸ್‌ನ ಡಿಸ್‌ಪ್ಲೇ ಅಳತೆಯನ್ನು 125%ಗೆ ಏರಿಸಿಟ್ಟಿದ್ದರು.

ಟಿಕೆಯಲ್ಲಿ ಪರದೆಯ ಮೇಲೆ ಸಾಮಾನು ಜೋಡಿಸುವುದಕ್ಕೆ ಮೂರು ದಾರಿ: ಪ್ಲೇಸ್, ಪ್ಯಾಕ್ (ಒಂದಾದ ಮೇಲೊಂದನ್ನು ಅಂಚಿಗೆ ಒತ್ತಿ ಕೂರಿಸುವುದು), ಗ್ರಿಡ್ (ಸಾಲು, ಕಾಲಮ್ಮುಗಳ ಕೋಣೆಗಳಲ್ಲಿ ಕೂರಿಸುವುದು). ನಾನು ಪ್ಲೇಸ್ ಹಿಡಿದಿದ್ದೆ. ಅದರಲ್ಲಿ ಪ್ರತಿಯೊಂದಕ್ಕೂ ಎಡದಿಂದ ಇಷ್ಟು, ಮೇಲಿನಿಂದ ಇಷ್ಟು, ಅಗಲ ಇಷ್ಟು, ಎತ್ತರ ಇಷ್ಟು ಅಂತ ಪಿಕ್ಸೆಲ್ ಲೆಕ್ಕ ಕೊಡಬಹುದು. ಬೇಗ ಆಗುತ್ತದೆ, ನೋಡುವುದಕ್ಕೂ ಚೆಂದ. ಆದರೆ ‘ಉಳಿಸು’ ಬಟನ್ನನ್ನು ಮೇಲಿನಿಂದ 750ನೇ ಪಿಕ್ಸೆಲ್ಲಿಗೆ ಇಟ್ಟಿದ್ದೆ. 768ರ ಪರದೆಯಲ್ಲಿ ಟೈಟಲ್ ಪಟ್ಟಿ, ಕೆಳಗಿನ ಟಾಸ್ಕ್‌ಬಾರ್ ಕಳೆದರೆ ಅಲ್ಲಿ ಬಟನ್ನಿಗೆ ಜಾಗವೆಲ್ಲಿ?

ಒತ್ತಕ್ಷರದ ಕಥೆ ಇದಕ್ಕಿಂತ ಮಜಾ. ಅಕ್ಷರ ಮಸುಕಾಗಿ ಕಾಣಬಾರದು ಅಂತ ‘ಅಳತೆ ನಾನೇ ನೋಡಿಕೊಳ್ಳುತ್ತೇನೆ’ ಎಂದು ವಿಂಡೋಸ್‌ಗೆ ಕೋಡಿನಲ್ಲಿ ಹೇಳಿಬಿಟ್ಟಿದ್ದೆ. ಹೇಳಿದೆ, ಆದರೆ ನೋಡಿಕೊಳ್ಳಲಿಲ್ಲ! ಟಿಕೆಯಲ್ಲಿ ಫಾಂಟಿನ ಗಾತ್ರ ಪಿಕ್ಸೆಲ್ ಲೆಕ್ಕದ್ದಲ್ಲ, ಇಂಚಿನ ಹಾಗೆ ಅಳೆಯುವ ಪಾಯಿಂಟ್ ಲೆಕ್ಕದ್ದು. ಹಾಗಾಗಿ 125% ಅಂದ ಕೂಡಲೇ ಅಕ್ಷರ ದೊಡ್ಡದಾಯಿತು. ನಾನು ಕೊಟ್ಟ 20 ಪಿಕ್ಸೆಲ್ ಎತ್ತರದ ಡಬ್ಬಿ ಮಾತ್ರ ಹಾಗೇ ಉಳಿಯಿತು. ಟ ಅಕ್ಷರದ ಕೆಳಗೆ ಕೂತಿದ್ದ ಒತ್ತು ಡಬ್ಬಿಯ ಹೊರಗೆ ಬಿತ್ತು. ಇಂಗ್ಲಿಷಿನಲ್ಲಾಗಿದ್ದರೆ ಅಕ್ಷರದ ಕಾಲು ಚೂರು ಕತ್ತರಿಸಿದರೂ ಓದಿಕೊಳ್ಳಬಹುದು. ಕನ್ನಡದಲ್ಲಿ ಶಬ್ದವೇ ಬೇರೆಯಾಗುತ್ತದೆ.

ಹುಬ್ಬಳ್ಳಿಗೆ ಬಂದು ಎರಡು ದಿನ ಕೂತು ಪ್ಲೇಸ್ ಎಲ್ಲ ಕಿತ್ತು ಗ್ರಿಡ್‌ಗೆ ಬದಲಾಯಿಸಿದೆ. ಗ್ರಿಡ್ ಕೆಲಸ ಮಾಡುವ ರೀತಿ ಮದುವೆಮನೆಯ ಪಂಕ್ತಿ ಇದ್ದಂತೆ. ಮೊದಲು ಪ್ರತಿ ಲೇಬಲ್ಲು, ಪ್ರತಿ ಬಟನ್ನು ತನಗೆ ಎಷ್ಟು ಜಾಗ ಬೇಕು ಅಂತ ಹೇಳುತ್ತದೆ. ಅವನ್ನೆಲ್ಲ ಒಳಗಿಟ್ಟುಕೊಂಡ ಚೌಕಟ್ಟು, ಅಂದರೆ ಫ್ರೇಮು, ಅದನ್ನೆಲ್ಲ ಕೂಡಿಸಿ ತನ್ನ ಮೇಲಿನವರಿಗೆ ಹೇಳುತ್ತದೆ. ಹೀಗೆ ಬೇಡಿಕೆ ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ. ಆಮೇಲೆ ಇದ್ದ ಜಾಗ ಮೇಲಿನಿಂದ ಕೆಳಕ್ಕೆ ಹಂಚಿಕೆ ಆಗುತ್ತದೆ. ಫಾಂಟ್ ದೊಡ್ಡದಾದರೆ ಲೇಬಲ್ಲು ತಾನೇ ಜಾಸ್ತಿ ಕೇಳುತ್ತದೆ. ನಾನು ಅಳೆಯುವ ಕೆಲಸ ಇಲ್ಲ.

ಒಂದು ಕಡೆ ಮಾತ್ರ ತಲೆ ಕೆಡಿಸಿಕೊಂಡೆ. ಪ್ರೋಗ್ರಾಮಿನ ಕಿಟಕಿಯನ್ನು (ವಿಂಡೋ) ದೊಡ್ಡದು ಮಾಡಿದರೂ ಒಳಗಿನದೇನೂ ಹಿಗ್ಗಲಿಲ್ಲ. ಗ್ರಿಡ್‌ನಲ್ಲಿ ಕಾಲಮ್ಮಿಗೆ, ಸಾಲಿಗೆ ವೇಯ್ಟ್ ಅಂತ ಇರುತ್ತದೆ. ನಾವು ಏನೂ ಕೊಡದಿದ್ದರೆ ಅದು 0. ಅಂದರೆ ಮಿಕ್ಕ ಜಾಗದಲ್ಲಿ ಅದಕ್ಕೆ ಪಾಲಿಲ್ಲ. ಮಾಲಿನ ಪಟ್ಟಿ ಇರುವ ಸಾಲಿಗೂ ಕಾಲಮ್ಮಿಗೂ 1 ಕೊಟ್ಟೆ. ಜೊತೆಗೆ ನಾಲ್ಕೂ ಕಡೆ ಅಂಟಿಕೊಳ್ಳಲಿ ಅಂತ ಸ್ಟಿಕಿ ಹಾಕಿದೆ. ಎರಡರಲ್ಲಿ ಒಂದನ್ನೇ ಮಾಡಿದರೆ ಆಗುವುದಿಲ್ಲ. ಬರೀ ವೇಯ್ಟ್ ಕೊಟ್ಟರೆ ಕೋಣೆ ಹಿಗ್ಗುತ್ತದೆ, ಒಳಗಿನ ಪಟ್ಟಿ ನಡುವೆ ಮುದುಡಿಕೊಂಡೇ ಇರುತ್ತದೆ.

ಇನ್ನೊಂದು, ಒಂದೇ ಫ್ರೇಮಿನಲ್ಲಿ ಪ್ಯಾಕ್ ಮತ್ತು ಗ್ರಿಡ್ ಕಲಸಬಾರದು. ಟಿಕೆ 8.6ರಲ್ಲಿ ನೇರವಾಗಿ ಎರರ್ ಬರುತ್ತದೆ. ಅದಕ್ಕಿಂತ ಹಳೆಯದರಲ್ಲಿ ಇಬ್ಬರೂ ಅಳತೆಗಾಗಿ ಜಗಳಾಡುತ್ತಾ ಪ್ರೋಗ್ರಾಮೇ ನಿಂತುಬಿಡುತ್ತಿತ್ತು ಅಂತ ನಮ್ಮ ಸೀನಿಯರ್ ಅಣ್ಣ ಹೇಳುತ್ತಾರೆ. ಬೇರೆ ಬೇರೆ ಫ್ರೇಮಿನಲ್ಲಿ ಬೇರೆ ಬೇರೆ ಹಾಕಿದರೆ ಏನೂ ತೊಂದರೆ ಇಲ್ಲ.

ಎಲ್ಲ ಮುಗಿಯಿತು ಅಂತ ಮತ್ತೆ ಬ್ಯಾಡಗಿಗೆ ಹೋದೆ. ‘ಒಟ್ಟು’ ಸರಿಯಾಗಿತ್ತು. ಕಾಕಾ ಕನ್ನಡಕ ಏರಿಸಿ ಪಟ್ಟಿಯ ಮೇಲೆ ಬೆರಳಿಟ್ಟರು. ‘ಇಲ್ಲಿ ನೋಡು, ಕಡ್ಡಿ ಹೋಗಿ ಕಡಿ ಆಗೇತಿ, ಡಬ್ಬಿ ಹೋಗಿ ಡಬಿ.’ ಕಡ್ಡಿ, ಡಬ್ಬಿ ಅಂದರೆ ಬ್ಯಾಡಗಿ ಮೆಣಸಿನಕಾಯಿಯ ಎರಡು ಬಗೆ. ಬ್ಯಾಡಗಿ ಮಾರ್ಕೆಟ್ಟಿನಲ್ಲಿ ಕೂತು ಎರಡನ್ನೂ ತಪ್ಪಾಗಿ ತೋರಿಸುವುದಕ್ಕಿಂತ ದೊಡ್ಡ ಮರ್ಯಾದೆಗೇಡು ಇದೆಯಾ?

ಟಿಕೆ 8.6ರ ಟ್ರೀವ್ಯೂ ಅನ್ನುವ ಪಟ್ಟಿಯಲ್ಲಿ ಸಾಲಿನ ಎತ್ತರ ಮೊದಲಿನಿಂದಲೇ 20 ಪಿಕ್ಸೆಲ್ ಅಂತ ನಿಗದಿ. ಫಾಂಟ್ ಎಷ್ಟು ಬೆಳೆದರೂ ಅದು ಬೆಳೆಯುವುದಿಲ್ಲ. ಹೊರಗಿನ ಲೇಔಟ್‌ಗೆ ಪಟ್ಟಿಯ ಒಳಗಿನ ಸಾಲಿನ ಮೇಲೆ ಅಧಿಕಾರವೂ ಇಲ್ಲ. ನಿರ್ಮಲಾ ಯುಐ ಫಾಂಟಿನ ಒಂದು ಸಾಲಿಗೆ ಎಷ್ಟು ಎತ್ತರ ಬೇಕು ಅಂತ ಪ್ರೋಗ್ರಾಂ ಶುರುವಾಗುವಾಗಲೇ ಕೇಳಿ, ಅದಕ್ಕೆ ಆರು ಪಿಕ್ಸೆಲ್ ಸೇರಿಸಿ ಪಟ್ಟಿಯ ‘ಸ್ಟೈಲ್’ ಸೆಟ್ಟಿಂಗಿನಲ್ಲಿ ಕೊಟ್ಟೆ. ಅಲ್ಲೇ ಕೂತು ಮಾಡಿದ ಕೆಲಸ, ಮೂರು ಸಾಲಿನ ಕೋಡು.

ಬಟನ್ನಿಗೂ ಒಂದು ಉಪಾಯ ಮಾಡಿದೆ. ಹೊರಗಿನ ಚೌಕಟ್ಟಿಗೆ ಪ್ಯಾಕ್ ಬಳಸಿದ್ದೆ. ಪ್ಯಾಕ್‌ನಲ್ಲಿ ಜಾಗ ಕಡಿಮೆ ಬಿದ್ದರೆ ಕೊನೆಗೆ ಬಂದವರಿಗೆ ಕೊರತೆ. ಹಾಗಾಗಿ ಕೋಡಿನಲ್ಲಿ ಬಟನ್ ಸಾಲನ್ನೇ ಮೊದಲು ಕೆಳಗೆ ಕೂರಿಸಿ, ಪಟ್ಟಿಯನ್ನು ಕೊನೆಗೆ ಕರೆದೆ. ಈಗ ಎಷ್ಟೇ ಇಕ್ಕಟ್ಟಾದರೂ ಸೊರಗುವುದು ಪಟ್ಟಿ, ಬಟನ್ ಅಲ್ಲ.

ಹೋದ ತಿಂಗಳು ಕಾಕಾ ತಾವೇ ಅಳತೆಯನ್ನು 150%ಗೆ ಏರಿಸಿಕೊಂಡಿದ್ದಾರೆ. ಒತ್ತಕ್ಷರ ಎಲ್ಲ ಸರಿ ಇದೆಯಂತೆ, ಬಟನ್ನೂ ಇದೆಯಂತೆ. ‘ಆದ್ರ ಪಟ್ಟಿಯೊಳಗ ನಾಕೇ ಸಾಲು ಕಾಣತಾವಲ್ಲೋ ತಮ್ಮಾ’ ಅಂದರು. ಈಗ ಮೇಲಿನ ಫಾರ್ಮನ್ನು ಎರಡು ಕಾಲಮ್ಮಿಗೆ ಮುರಿಯುತ್ತಾ ಕೂತಿದ್ದೇನೆ.