ಎರಡು ಶಿಖರಗಳ ನಡುವೆ ಏನಾಗುತ್ತದೆ ಅಂತ ನೋಡಿ

ಇಲಿಯ ಅಂಡಾಣುಗಳಲ್ಲಿ ಕ್ಯಾಲ್ಸಿಯಂ ಏರಿಳಿತವನ್ನು ಅಳೆಯುವುದು ನನ್ನ ಕೆಲಸ. ಕ್ಯಾಲ್ಸಿಯಂ ಅಂಟಿದಾಗ ಹೊಳಪು ಬದಲಾಗುವ ಫ್ಯುರಾ-2 ಎಂಬ ಬಣ್ಣ ತುಂಬಿ, 340 ಮತ್ತು 380 ನ್ಯಾನೋಮೀಟರಿನ ಬೆಳಕನ್ನು ಒಂದಾದ ಮೇಲೊಂದು ಹಾಯಿಸಿ, ಹೊಳಪಿನ ಅನುಪಾತ ನೋಡುತ್ತೇವೆ. ಲ್ಯಾಬಿಗೆ ಹೊಸದಾಗಿ ಸೇರಿದವರ ಕಣ್ಣು ಮೊದಲು ಗ್ರಾಫಿನ ಶಿಖರಗಳ ಮೇಲೇ ಬೀಳುತ್ತದೆ. ನಡುವಿನ ತಗ್ಗಿನಲ್ಲಿ ಏನೂ ನಡೆಯುತ್ತಿಲ್ಲ ಅನ್ನಿಸುತ್ತದೆ. ಅಲ್ಲೇ ಹೆಚ್ಚು ಹೊತ್ತು ನಿಲ್ಲಬೇಕು ಅನ್ನುವುದು ಈ ಕೆಲಸದಿಂದ ನಾನು ಕಲಿತ ಪಾಠ.

ಶಿಖರ ಏಳುವ ಕತೆ ಚೆನ್ನಾಗಿ ಗೊತ್ತಿರುವಂಥದ್ದು. ವೀರ್ಯಾಣು ತನ್ನ ಜೊತೆ ಪಿಎಲ್‌ಸಿ ಝೀಟಾ ಎಂಬ ಕಿಣ್ವ ತರುತ್ತದೆ. ಅದನ್ನು ಗುರುತಿಸಿದ್ದು 2002ರಲ್ಲಿ. ಅದರಿಂದ ಐಪಿ3 ಎಂಬ ಸಂದೇಶ ಒಯ್ಯುವ ಅಣು ಹುಟ್ಟುತ್ತದೆ. ಐಪಿ3 ಹೋಗಿ ಅಂಡಾಣುವಿನೊಳಗಿನ ಕ್ಯಾಲ್ಸಿಯಂ ಕಣಜವಾದ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ಮಿನ ಬಾಗಿಲು ತೆರೆಯುತ್ತದೆ. ಕಣಜದ ಕ್ಯಾಲ್ಸಿಯಂ ಒಮ್ಮೆಗೇ ಅಂಡಾಣುವಿನೊಳಗಿನ ದ್ರವಕ್ಕೆ ನುಗ್ಗುತ್ತದೆ. ಗ್ರಾಫಿನ ಶಿಖರ ಅದೇ. ಇಲಿಯಲ್ಲಿ ಇಂಥ ಅಲೆಗಳು ಕೆಲವು ಗಂಟೆಗಳ ಕಾಲ ಮತ್ತೆ ಮತ್ತೆ ಏಳುತ್ತವೆ.

ಮುಂದಿನ ಅಲೆ ಏಳಬೇಕಾದರೆ ಕಣಜ ಮತ್ತೆ ತುಂಬಬೇಕು ಅಲ್ವಾ? ಕಣಜದ ಪೊರೆಯಲ್ಲಿರುವ ಸೆರ್ಕಾ ಎಂಬ ಪಂಪುಗಳು ಕ್ಯಾಲ್ಸಿಯಂ ಅನ್ನು ಎಳೆದು ಒಳಗೆ ಹಾಕುತ್ತವೆ. ಆದರೆ ಅಂಡಾಣುವಿನ ಹೊರಪೊರೆಯಲ್ಲೂ ಪಂಪುಗಳಿವೆ. ಪ್ರತಿ ಅಲೆಯಲ್ಲೂ ಅವು ಒಂದಷ್ಟು ಕ್ಯಾಲ್ಸಿಯಂ ಅನ್ನು ಹೊರಗೆ ತಳ್ಳುತ್ತವೆ. ಆ ನಷ್ಟ ಹೊರಗಿನಿಂದಲೇ ತುಂಬಬೇಕು. ಹೊರಗೆ ಬೇಕಾದಷ್ಟಿದೆ. ಅಂಡಾಣುವಿನೊಳಗಿನ ದ್ರವಕ್ಕಿಂತ ಸುಮಾರು 10,000 ಪಟ್ಟು ಜಾಸ್ತಿ. ಹೊರಪೊರೆಯಲ್ಲಿರುವ ಸಣ್ಣ ದಾರಿಗಳಾದ ಚಾನೆಲ್‌ಗಳು ತುಸು ತೆರೆದರೂ ಸಾಕು, ತಾನಾಗಿ ಒಳಗೆ ಬರುತ್ತದೆ.

ಹೊಸಬರಿಗೆ ನಾನು ಮೊದಲು ಮಾಡಿಸುವ ಪ್ರಯೋಗ ಇದೇ: ಅಲೆಗಳು ನಡೆಯುತ್ತಿರುವಾಗ ಅಂಡಾಣು ಇಟ್ಟಿರುವ ದ್ರಾವಣದಿಂದ ಕ್ಯಾಲ್ಸಿಯಂ ತೆಗೆದುಬಿಡುವುದು. ಅಲೆಗಳು ಕುಗ್ಗಿ, ಬೇಗನೇ ನಿಲ್ಲುತ್ತವೆ. ಐಪಿ3 ಇದ್ದೂ ಉಪಯೋಗವಿಲ್ಲ. ಇದನ್ನು ಕಣ್ಣಾರೆ ಕಂಡವರು ಪಾಠ ಮರೆಯುವುದಿಲ್ಲ.

ಆ ಚಾನೆಲ್‌ಗಳು ಯಾವುವು ಅನ್ನುವುದು ನನಗೆ ತುಂಬ ಇಷ್ಟದ ವಿಷಯ. ಇಲಿಯಲ್ಲಿ ಮುಖ್ಯವಾಗಿ ಮೂರರ ಹೆಸರು ಬರುತ್ತದೆ: ಟಿ ಮಾದರಿಯ ಸಿಎವಿ3.2, ಟಿಆರ್‌ಪಿಎಂ7, ಟಿಆರ್‌ಪಿವಿ3. ವೀರ್ಯಾಣು ಇಲ್ಲದೆ ಇಲಿಯ ಅಂಡಾಣುವನ್ನು ಎಬ್ಬಿಸಲು, ಅಂದರೆ ಅದರ ಬೆಳವಣಿಗೆ ಶುರುಮಾಡಿಸಲು, ಕ್ಯಾಲ್ಸಿಯಂ ಹೋಲುವ ಸ್ಟ್ರಾಂಶಿಯಂ ಹಾಕುತ್ತೇವಲ್ಲ, ಅದು ಒಳಗೆ ಹೋಗುವುದು ಟಿಆರ್‌ಪಿವಿ3 ಮೂಲಕ. ಆ ಚಾನೆಲ್ ಇಲ್ಲದ ಇಲಿಗಳ ಅಂಡಾಣುವಿಗೆ ಸ್ಟ್ರಾಂಶಿಯಂ ಕೊಟ್ಟರೆ ಅಲೆ ಏಳುವುದೇ ಇಲ್ಲ. ಆದರೂ ಆ ಇಲಿಗಳು ಮರಿ ಹಾಕುತ್ತವೆ! ಒಂದು ದಾರಿ ಮುಚ್ಚಿದರೆ ಉಳಿದವು ಕೆಲಸ ನಡೆಸುತ್ತವೆ. ಸಿಎವಿ3.2 ಮತ್ತು ಟಿಆರ್‌ಪಿಎಂ7 ಎರಡನ್ನೂ ತೆಗೆದರೆ ಮಾತ್ರ ಅಲೆಗಳು ಚೆನ್ನಾಗಿಯೇ ಸೊರಗುತ್ತವೆ.

ಹಾಗಾಗಿ ಅಲೆಗಳ ಅಂತರ ಜಾಸ್ತಿಯಾಗಿದ್ದು ಕಂಡರೆ, ಸುಮ್ನೆ ಅಂಡಾಣುವಿನ ಗುಣಮಟ್ಟವನ್ನು ದೂರುವುದಿಲ್ಲ. ಮೊದಲು ದ್ರಾವಣದ ಕ್ಯಾಲ್ಸಿಯಂ ನೋಡುತ್ತೇನೆ. ಜೊತೆಗೆ ಮೆಗ್ನೀಸಿಯಂ ಕೂಡ, ಏಕೆಂದರೆ ಅದು ಟಿಆರ್‌ಪಿಎಂ7 ಅನ್ನು ತಡೆಯುತ್ತದೆ. ಎರಡರ ಪ್ರಮಾಣವನ್ನೂ ಪ್ರತಿ ರೆಕಾರ್ಡಿಂಗ್ ಪಕ್ಕದಲ್ಲಿ ಬರೆದಿಡುತ್ತೇವೆ. ದ್ರಾವಣದ ಬ್ಯಾಚ್ ಬದಲಾದ ದಿನ, ಒಂದಷ್ಟು ಅಂಡಾಣುಗಳನ್ನು ಹಳೆಯ ಬ್ಯಾಚಿನಲ್ಲೂ ಇಟ್ಟು ಹೋಲಿಸುತ್ತೇವೆ.