ಮೈಯ ಝಳಕ್ಕೆ ಖಿನ್ನತೆಯ ಮಾತ್ರೆ

ಕಳೆದ ಡಿಸೆಂಬರಿನಲ್ಲಿ ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಎಲ್ಲರೂ ಸ್ವೆಟರ್ ತೊಟ್ಟು ನಡೆಯುತ್ತಿದ್ದರೆ, ನಾನೊಬ್ಬಳು ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದೆ. ಎದೆಯಲ್ಲಿ ಎದ್ದ ಝಳ ಕತ್ತು, ಮುಖಗಳಿಗೆ ಏರಿ, ರವಿಕೆಯನ್ನು ತೋಯಿಸಿ, ಕೊನೆಗೆ ಚಳಿ ಹುಟ್ಟಿಸಿ ಇಳಿಯುತ್ತಿತ್ತು. ಮಂಡ್ಯದ ನಮ್ಮತ್ತಿಗೆ "ಉಷ್ಣ ಆಗೈತೆ ಕಣಮ್ಮ, ಮೆಂತ್ಯ ನೆನೆಸಿ ಕುಡಿ" ಎಂದರು. ಕುಡಿದೆ, ಕಹಿಯ ಹೊರತು ಬೇರೇನೂ ದಕ್ಕಲಿಲ್ಲ.

ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯ ಬಳಿಕ, ಅದು ಮರುಕಳಿಸದಿರಲೆಂದು ಟ್ಯಾಮಾಕ್ಸಿಫೆನ್ ಮಾತ್ರೆ ನುಂಗುತ್ತಿರುವ ನನಗೆ, ಋತುಬಂಧದಲ್ಲಿ (ಮುಟ್ಟು ನಿಲ್ಲುವಾಗ) ಕಾಡುವ ಈ ಝಳಕ್ಕೆ ಎಲ್ಲಕ್ಕಿಂತ ಪರಿಣಾಮಕಾರಿಯಾದ ಹಾರ್ಮೋನ್ ಚಿಕಿತ್ಸೆ ಸಲ್ಲದು. ವೈದ್ಯೆ ವೆನ್ಲಾಫ್ಯಾಕ್ಸಿನ್ 37.5 ಮಿಲಿಗ್ರಾಂ ಬರೆದುಕೊಟ್ಟರು. ಅದು ಖಿನ್ನತೆಯ ಮಾತ್ರೆಯೆಂದು ಔಷಧಿ ಅಂಗಡಿಯಲ್ಲಿ ತಿಳಿದಾಗ, ನನ್ನ ಬೆವರನ್ನು ಮನಸ್ಸಿನ ಭ್ರಮೆಯೆಂದು ತಳ್ಳಿಹಾಕಿದರೆನಿಸಿ, ಚೀಟಿ ಮಡಚಿಕೊಂಡು ಮನೆಗೆ ಬಂದೆ.

ಮರುಭೇಟಿಯಲ್ಲಿ ಜಗಳಕ್ಕೆಂದೇ ಹೋದವಳಿಗೆ ಅವರು ವಿವರಿಸಿದರು. ದೇಹದ ತಾಪವನ್ನು ಕಾಯುವುದು ಮಿದುಳಿನ ಹೈಪೋಥಲಾಮಸ್. ಹೆಣ್ಣಿನ ಹಾರ್ಮೋನಾದ ಈಸ್ಟ್ರೊಜೆನ್ ತಗ್ಗಿದಾಗ ಅಲ್ಲಿನ ಕೆಲವು ನರಕೋಶಗಳು ಕಡಿವಾಣವಿಲ್ಲದೆ ಕೆರಳಿ, ತಾಪದ ಅತ್ಯಲ್ಪ ಏರಿಕೆಯನ್ನೂ ಬೇಗೆಯೆಂದು ಬಗೆದು ಬೆವರು ಹರಿಸುತ್ತವೆ. ಮಾತ್ರೆ ಕೆಲಸ ಮಾಡುವುದು ಮಿದುಳಿನ ಈ ವ್ಯವಸ್ಥೆಯ ಮೇಲೆ, ಖಿನ್ನತೆ ಇರಲೇಬೇಕೆಂದಿಲ್ಲ. ಅದೇ ಬಗೆಯ ಪ್ಯಾರಾಕ್ಸೆಟಿನ್‌ನ 7.5 ಮಿಲಿಗ್ರಾಂ ಮಾತ್ರೆಗೆ ಅಮೆರಿಕದಲ್ಲಿ 2013ರಲ್ಲೇ ಈ ತೊಂದರೆಗೆಂದು ಅನುಮೋದನೆ ದೊರೆತಿದ್ದರೂ, ಟ್ಯಾಮಾಕ್ಸಿಫೆನ್ನನ್ನು ಸಕ್ರಿಯ ರೂಪಕ್ಕೆ ತಿರುಗಿಸುವ ಕಿಣ್ವವನ್ನು ಅದು ತಡೆಯುವುದರಿಂದ ನನ್ನಂಥವರಿಗೆ ಬೇಡವೆಂದರು. ಈ ಒಂದು ಸಂಗತಿಗಾಗಿಯೇ, ಪರಿಚಿತರ ಮಾತ್ರೆಯನ್ನು ಕೇಳಿ ತಂದು ನುಂಗುವವರನ್ನು ಕಂಡರೆ ನನಗೆ ಭಯವಾಗುತ್ತದೆ.

ರಾತ್ರಿಯ ಬೆವರಿನಿಂದ ನಿದ್ದೆಗೆಟ್ಟವರಿಗೆ ಗ್ಯಾಬಪೆಂಟಿನ್ ಉಂಟು, ತಲೆಸುತ್ತು ಬರಬಹುದು. ಮೂತ್ರಕೋಶದ ಔಷಧಿಯಾದ ಆಕ್ಸಿಬ್ಯುಟಿನಿನ್ ಕೂಡ ನೆರವಾಗುತ್ತದೆ, ಆದರೆ ಬಾಯಿ ಒಣಗಿಸುತ್ತದೆ. ಕೆರಳಿದ ನರಕೋಶಗಳ ಸಂದೇಶವನ್ನೇ ತಡೆಯುವ ಫೆಜೊಲಿನೆಟಾಂಟ್‌ಗೆ 2023ರಲ್ಲಿ ಅಮೆರಿಕದ ಒಪ್ಪಿಗೆ ಸಿಕ್ಕಿತಾದರೂ, ಮರುವರ್ಷವೇ ಯಕೃತ್ತಿಗೆ ಹಾನಿಯಾಗಬಹುದೆಂಬ ಕಟ್ಟೆಚ್ಚರಿಕೆ ಅದಕ್ಕೆ ಸೇರಿತು. ಯೋಗದ ಊರಿನಲ್ಲಿ ಕುಳಿತು ಹೇಳಲು ಸಂಕೋಚವಾಗುತ್ತದೆ: ಉತ್ತರ ಅಮೆರಿಕದ ಋತುಬಂಧ ತಜ್ಞರ ಸಂಘ 2023ರ ತನ್ನ ಸಲಹೆಯಲ್ಲಿ ಯೋಚನೆ, ನಡವಳಿಕೆಗಳನ್ನು ಮಾತುಕತೆಯಿಂದ ತಿದ್ದುವ ಅರಿವು-ವರ್ತನೆ ಚಿಕಿತ್ಸೆಯನ್ನೂ ವೈದ್ಯಕೀಯ ಸಂಮೋಹನವನ್ನೂ ಶಿಫಾರಸು ಮಾಡಿತು, ಯೋಗವನ್ನು ಈ ಝಳಕ್ಕೆ ಮದ್ದೆಂದು ಸೂಚಿಸಲಿಲ್ಲ. ಬೆನ್ನುನೋವಿಗಾಗಿ ನಾನು ಆಸನಗಳನ್ನು ಬಿಟ್ಟಿಲ್ಲ.

ಕೊನೆಗೆ ವೆನ್ಲಾಫ್ಯಾಕ್ಸಿನ್ ನುಂಗತೊಡಗಿದೆ. ಮೊದಲ ವಾರ ಓಕರಿಕೆ ಕಾಡಿತು. ಮೂರನೆಯ ವಾರದ ಹೊತ್ತಿಗೆ, ರಾತ್ರಿ ಐದಾರು ಸಲ ಏಳುತ್ತಿದ್ದವಳು ಒಂದೆರಡು ಸಲಕ್ಕೆ ಇಳಿದೆ. ರಕ್ತದೊತ್ತಡ ಏರದಂತೆ ನೋಡಿಕೊಳ್ಳಬೇಕು, ಬಿಡುವಾಗ ಒಮ್ಮೆಗೇ ನಿಲ್ಲಿಸಬಾರದು ಎಂದಿದ್ದಾರೆ. ಅತ್ತಿಗೆ ಮಾತ್ರ ಇದೆಲ್ಲ ಮೆಂತ್ಯದ ಫಲವೆಂದೇ ನಂಬಿದ್ದಾರೆ.