ಹೇಸ್ಟಿಂಗ್ಸ್ ಬೀದಿಯಲ್ಲಿ ನೆನಪಾದ ಮಾವ

"ಅಷ್ಟೊಂದು ದುಡ್ಡಿರೋ ದೇಶ್ದಲ್ಲೂ ಬೀದೀಲಿ ಮಲಗ್ತಾರೇನ್ಲಾ?"

ಹೋದ ವಾರ ಮಂಡ್ಯದಿಂದ ವಿಡಿಯೊ ಕಾಲ್‌ನಲ್ಲಿ ಅಮ್ಮ ಕೇಳಿದಳು. ನಾನಿರುವುದು ಕೆನಡಾದ ವ್ಯಾಂಕೂವರ್‌ನಲ್ಲಿ. ನನ್ನ ಬಸ್ಸು ಡೌನ್‌ಟೌನ್ ಈಸ್ಟ್‌ಸೈಡ್‌ನ ಹೇಸ್ಟಿಂಗ್ಸ್ ಬೀದಿಯಲ್ಲೇ ಹೋಗುತ್ತದೆ. ಟಾರ್ಪಾಲು, ಕಂಬಳಿ, ನಿಂತಲ್ಲೇ ಸೊಂಟ ಬಗ್ಗಿ ತೂಗಾಡುವ ಜನ. ಹೊಸದರಲ್ಲಿ ನಾನೂ 'ಡ್ರಗ್ಸ್ ತಗೊಂಡು ಹಾಳಾದವರು' ಅಂದುಕೊಂಡು ಸುಮ್ನೆ ಮೊಬೈಲ್ ನೋಡುತ್ತಿದ್ದೆ.

ಆಮೇಲೆ ಭಾನುವಾರ ಊಟ ಬಡಿಸಲು ಹೋಗತೊಡಗಿದೆ. ಅಲ್ಲಿ ಒಬ್ಬಾತ ಹೇಳಿದ, ಮನೆ ಹೋಗಿದ್ದು ಮೊದಲು, ಚಟ ಹತ್ತಿದ್ದು ಆಮೇಲೆ. ಬೀದಿಯಲ್ಲಿ ನಿದ್ದೆ ಹೋದರೆ ಶೂ, ಬ್ಯಾಗು ಕಳುವಾಗುತ್ತವೆ, ಒದೆಯೂ ಬೀಳಬಹುದು, ಅದಕ್ಕೇ ಎಚ್ಚರವಾಗಿರಲು ಮೆತ್ ಅನ್ನೋ ನಿದ್ದೆಗೆಡಿಸುವ ಡ್ರಗ್. ಮೂರು ದಿನ ನಿದ್ದೆಗೆಟ್ಟರೆ ಯಾರ ತಲೆ ನೆಟ್ಟಗಿರುತ್ತದೆ? ಇಲ್ಲದ ದನಿ ಕೇಳಿಸುತ್ತದೆ. ಅದನ್ನು ಅಡಗಿಸಲು ಇನ್ನೊಂದು ಮಾಲು. ಅದರಲ್ಲಿ ಫೆಂಟನಿಲ್ ಅನ್ನೋ ಭಾರಿ ತೀವ್ರ ನೋವುನಿವಾರಕ ಜಾಸ್ತಿ ಇದ್ದರೆ ಜೀವಕ್ಕೇ ಕುತ್ತು. ಈ ಸಾವುಗಳಿಗಾಗಿ 2016ರಲ್ಲಿ ಇಲ್ಲಿನ ಪ್ರಾಂತ್ಯ ಆರೋಗ್ಯ ತುರ್ತುಸ್ಥಿತಿಯನ್ನೇ ಘೋಷಿಸಿತು.

ಇದೆಲ್ಲ ಅಮ್ಮನಿಗೆ ಹೇಳುವಾಗ ಸೋದರಮಾವ ನೆನಪಾದರು. ಕುಡಿದು ತಲೆ ಕೆಟ್ಟಿದೆ ಅಂತ ಊರೆಲ್ಲ ಅನ್ನುತ್ತಿತ್ತು. ಅಮ್ಮ ಅಂದಳು: "ಇಲ್ಲ ಕಣ್ಲಾ, ಗದ್ದೇಲಿ ಯಾರೋ ಕೂಗ್ತಾವ್ರೆ ಅಂತಿದ್ದ ಮೊದ್ಲು. ಕುಡಿಯಾಕೆ ಹತ್ತಿದ್ದು ಆಮ್ಯಾಕೆ."

ಮಾವ ಬೀದಿಗೆ ಬೀಳಲಿಲ್ಲ. ಅಜ್ಜಿ ದಿನಾ ಬೈಯುತ್ತಲೇ ಜಗುಲಿ ಮೇಲೆ ಚಾಪೆ ಹಾಸಿ, ಮುದ್ದೆ ಉಪ್ಸಾರು ಇಡುತ್ತಿದ್ದಳು. ಕುಡಿತ ಬಿಟ್ಟರೆ ಮಾತ್ರ ಊಟ ಅಂತ ಒಂದು ದಿನವೂ ಅನ್ನಲಿಲ್ಲ. 2009ರಲ್ಲಿ ಶುರುವಾದ ಒಂದು ಪ್ರಯೋಗದಲ್ಲಿ ವ್ಯಾಂಕೂವರ್ ಸೇರಿ ಕೆನಡಾದ ಐದು ಊರುಗಳಲ್ಲಿ ಹೆಚ್ಚುಕಮ್ಮಿ ಇದನ್ನೇ ಮಾಡಿದ್ದರು: ಚಟ ಬಿಡು ಅನ್ನುವ ಷರತ್ತಿಲ್ಲ, ಮೊದಲು ಮನೆಯ ಬೀಗದ ಕೈ, ಜೊತೆಗೆ ನೆರವು. ಅಂಥವರಲ್ಲಿ ಮನೆ ಉಳಿಸಿಕೊಂಡವರೇ ಜಾಸ್ತಿ. ಚಟದ ವಿಷಯದಲ್ಲಿ ಮಾತ್ರ ಅಂಥ ವ್ಯತ್ಯಾಸ ಕಾಣಲಿಲ್ಲ, ಅದನ್ನೂ ಹೇಳಬೇಕಲ್ವಾ.

ಅಜ್ಜಿಯನ್ನು ಹೊಗಳಿದ್ದು ಸಾಕು. ತಾಯತ ಕಟ್ಟಿಸಿದೆವು, ಹರಕೆ ಹೊತ್ತೆವು, ಮೈಸೂರಿಗೆ ಬಸ್ಸಿಗೆ ಒಂದು ಗಂಟೆ ದಾರಿ ಇದ್ದರೂ ಒಬ್ಬ ಡಾಕ್ಟರಿಗೆ ತೋರಿಸಲಿಲ್ಲ. ಮಾವ ಆ ಜಗುಲಿ ಮೇಲೇ ಹೋದರು.

ಈಗ ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, 2022ರಿಂದ. 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ ಅಂದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಇನ್ನೊಂದ್ಸಲ ಹೇಳು, ಕ್ಯಾಲೆಂಡರ್ ಮೇಲೆ ಬರ್ಕೋತೀನಿ. ಪಕ್ಕದ್ಮನೆ ಹುಡುಗ ಮೂರು ದಿನದಿಂದ ಮಲಗಿಲ್ವಂತೆ."